ಆಸ್ಪತ್ರೆ ಚೀಲದಲ್ಲಿ ಮುಡಿಪೂ ಇರಲಿ: ರೋಗಿಯ ಮನಸ್ಸಿಗೆ ಬೇಕಾದದ್ದನ್ನು ಕೇಳಿ ಪಡೆಯುವುದು ಹೇಗೆ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರದ ಕಡೆಯೂ ಅಷ್ಟೆ, ಮನೆಯಲ್ಲಿ ಯಾರನ್ನಾದರೂ ಅಡ್ಮಿಟ್ ಮಾಡಬೇಕು ಅಂದಾಗ ತುಂಬುವ ಚೀಲ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಫ್ಲಾಸ್ಕು, ಚಾದರ, ಆಧಾರ್, ರೇಷನ್ ಕಾರ್ಡು, ಹಳೆಯ ರಿಪೋರ್ಟುಗಳ ಪ್ಲಾಸ್ಟಿಕ್ ಕವರು. ಅದರ ತಳದಲ್ಲಿ ಯಾರಿಗೂ ಹೇಳದೆ ಇಟ್ಟ ಇನ್ನೊಂದು ಪೊಟ್ಟಣ ಇರುತ್ತದೆ. ಹಳದಿ ಬಟ್ಟೆಯಲ್ಲಿ ಕಟ್ಟಿದ ಮುಡಿಪು, ಇಡಗುಂಜಿಯ ಪ್ರಸಾದ, ದರ್ಗಾದಿಂದ ತಂದ ದಾರ, ಇಲ್ಲವೇ ಜಪಸರ. ಅದನ್ನು ದಿಂಬಿನಡಿ ತುರುಕಿ, ಸಿಸ್ಟರ್ ಬಂದಾಗ ಸೆರಗಿನಿಂದ ಮುಚ್ಚುವುದು ನಮ್ಮ ವಾಡಿಕೆ.

ಮುಚ್ಚಬೇಕಾಗಿಲ್ಲ. ನಾನು ವಾರ್ಡಿನಲ್ಲೇ ಸರ್ವಿಸ್ ಮುಗಿಸಿದ ನರ್ಸ್. ಆ ಪೊಟ್ಟಣಗಳನ್ನು ನಾವೆಲ್ಲ ನೋಡಿರುತ್ತೇವೆ. ನಮಗೆ ತಲೆನೋವಾಗುತ್ತಿದ್ದದ್ದು ಪೊಟ್ಟಣದಿಂದಲ್ಲ, ಮುಚ್ಚಿಟ್ಟು ಮಾಡುವ ಕೆಲಸದಿಂದ. ಆಪರೇಷನ್‌ಗೆ ಮುಂಚೆ ಗುಟ್ಟಾಗಿ ಬಾಯಿಗೆ ಹಾಕಿದ ಪಂಚಾಮೃತ, ಆಕ್ಸಿಜನ್ ಪಕ್ಕದಲ್ಲಿ ಹಚ್ಚಿದ ಊದುಬತ್ತಿ, ಇಂಥವು. ಮೊದಲೇ ಕೇಳಿದ್ದರೆ ಮುಕ್ಕಾಲು ಪಾಲಿಗೆ ‘ಹೂಂ, ಮಾಡಿ’ ಅಂತಲೇ ಹೇಳುತ್ತಿದ್ದೆವು.

ಇದು ಬರೀ ಭಾವನೆಯ ಮಾತಲ್ಲ. ಅಮೆರಿಕದಲ್ಲಿ 2001ರಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದ 17 ಲಕ್ಷಕ್ಕೂ ಹೆಚ್ಚು ರೋಗಿಗಳ ಅಭಿಪ್ರಾಯ ತೆಗೆದುಕೊಂಡು ಮಾಡಿದ ಒಂದು ವಿಶ್ಲೇಷಣೆ 2003ರಲ್ಲಿ ಪ್ರಕಟವಾಯಿತು. ಮನಸ್ಸಿನ ಮತ್ತು ಆಧ್ಯಾತ್ಮಿಕ ಬೇಕುಗಳನ್ನು ಸಿಬ್ಬಂದಿ ಎಷ್ಟು ಗಮನಿಸಿದರು ಅನ್ನುವುದಕ್ಕೂ ರೋಗಿ ಒಟ್ಟಾರೆ ಎಷ್ಟು ಸಮಾಧಾನದಿಂದ ಮನೆಗೆ ಹೋದ ಅನ್ನುವುದಕ್ಕೂ ಗಟ್ಟಿ ನಂಟು ಅದರಲ್ಲಿ ಕಂಡಿತು. 2011ರಲ್ಲಿ ಷಿಕಾಗೋದ ಆಸ್ಪತ್ರೆಯೊಂದರ 3,141 ರೋಗಿಗಳ ಅಧ್ಯಯನ ಬಂತು. ನಂಬಿಕೆಯ ವಿಷಯ ಯಾರಾದರೂ ಮಾತಾಡಲಿ ಅಂತ ಬಯಸಿದವರು ನೂರಕ್ಕೆ 41. ಅವರಲ್ಲಿ ಅರ್ಧದಷ್ಟು ಜನರ ಜೊತೆ ಯಾರೂ ಆ ಮಾತು ಎತ್ತಿರಲಿಲ್ಲ.

ಅಲ್ಲಿನ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸಂಬಳ ಕೊಟ್ಟು ಒಬ್ಬರನ್ನು ಇಡುತ್ತಾರೆ. ನಮ್ಮ ಸರ್ಕಾರಿ ವಾರ್ಡುಗಳಲ್ಲಿ ಅಂಥ ಹುದ್ದೆಯೇ ಇಲ್ಲ. ಹಾಗಾಗಿ ಆ ಕೆಲಸ ರೋಗಿಯ ಜೊತೆ ನಿಲ್ಲುವ ನಿಮ್ಮದೇ.

ಮೊದಲು ರೋಗಿಯನ್ನೇ ಕೇಳಿ

ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡುವವರೇ ಜಾಸ್ತಿ. ಮಗಳು ಮೃತ್ಯುಂಜಯ ಹೋಮಕ್ಕೆ ಹೇಳಿರುತ್ತಾಳೆ, ಅಳಿಯ ದೇವಸ್ಥಾನದಲ್ಲಿ ದೇವರ ಅಪ್ಪಣೆಗೆ ಪ್ರಸಾದ ಕೇಳಿಸಿಕೊಂಡು ಬಂದಿರುತ್ತಾನೆ. ಮಲಗಿದ ಮನುಷ್ಯನಿಗೆ ಬೇಕಾದದ್ದು ಇನ್ನೇನೋ ಆಗಿರುತ್ತದೆ.

ವೈದ್ಯರಿಗಾಗಿ ಅಮೆರಿಕದ ಕ್ರಿಸ್ಟಿನಾ ಪುಚಾಲ್ಸ್ಕಿ ಎಂಬ ವೈದ್ಯೆ 1996ರಲ್ಲಿ ನಾಲ್ಕು ಪ್ರಶ್ನೆಗಳ ಒಂದು ಸರಳ ಕ್ರಮ ರೂಪಿಸಿದರು. ನಮ್ಮ ಮನೆಮಾತಿನಲ್ಲಿ ಅದನ್ನು ಹೀಗೆ ಕೇಳಬಹುದು. ನಿಮಗೆ ಧೈರ್ಯ ಕೊಡುವುದು ಯಾವುದು? ಈ ಕಾಯಿಲೆಯ ಹೊತ್ತಿನಲ್ಲಿ ಅದು ಎಷ್ಟು ಮುಖ್ಯ? ಯಾರು ಬಂದು ಪಕ್ಕದಲ್ಲಿ ಕೂತರೆ ಹಗುರ ಅನ್ನಿಸುತ್ತದೆ? ಇದರಲ್ಲಿ ಡಾಕ್ಟರಿಗೆ ಗೊತ್ತಿರಬೇಕಾದ್ದು ಏನಾದರೂ ಇದೆಯಾ? ಒಂದೇ ಉಸಿರಿಗೆ ಕೇಳಬೇಡಿ. ಸಂಜೆ ಚಹಾ ಕೊಡುವಾಗ ಒಂದು, ಕಾಲು ತಿಕ್ಕುವಾಗ ಇನ್ನೊಂದು.

ಉತ್ತರ ಯಾವಾಗಲೂ ದೇವರ ಕಡೆಗೇ ಹೋಗುತ್ತದೆ ಅಂದುಕೊಳ್ಳಬೇಡಿ. ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನನ್ನು ನೋಡಬೇಕು ಅನ್ನಬಹುದು. ತೋಟಕ್ಕೆ ಮದ್ದು ಹೊಡೆದಾಯ್ತಾ ಅಂತ ಕೇಳಬಹುದು. ಕಾರವಾರದ ಕಡೆಯ ಒಬ್ಬ ಮೀನುಗಾರರು ನಮ್ಮ ವಾರ್ಡಿನಲ್ಲಿದ್ದರು, ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್. ಊಟ ಬಿಟ್ಟಿದ್ದರು. ಮನೆಯವರು ದಿನಕ್ಕೊಂದು ಥರದ ಗಂಜಿ, ಮೀನು ಸಾರು ತಂದು ಸೋತಿದ್ದರು. ಕೇಳಿದರೆ ಗೋಡೆಯ ಕಡೆ ತಿರುಗಿ ಮಲಗುವುದು. ಜುಲೈ ಕೊನೆಗೆ ಟ್ರಾಲಿಂಗ್ ನಿಷೇಧ ಮುಗಿದು ಬೋಟುಗಳು ಇಳಿಯುವ ಕಾಲ, ಮುಂದೆ ನೂಲು ಹುಣ್ಣಿಮೆ. ಕೊನೆಗೆ ಡ್ರೆಸ್ಸಿಂಗ್ ಮಾಡುವ ಹುಡುಗಿಯ ಹತ್ತಿರ ಬಾಯಿಬಿಟ್ಟರು: “ತಂಗೀ, ಈ ಸಲ ಸಮುದ್ರಕ್ಕೆ ಕಾಯಿ ಬಿಡೋರು ಯಾರು?” ಮಗನನ್ನು ಕರೆಸಿ, ಅಪ್ಪನ ಕೈಯಲ್ಲಿ ಕಾಯಿ ಮುಟ್ಟಿಸಿ, ಅದನ್ನೇ ಒಯ್ದು ಸಮುದ್ರಕ್ಕೆ ಬಿಡು ಅಂತ ಹೇಳಿ ಕಳಿಸಿದೆವು. ಮಗ ಮೊಬೈಲಿನಲ್ಲಿ ವಿಡಿಯೋ ಮಾಡಿ ತಂದು ತೋರಿಸಿದ. ಕಾಲಿನ ಗಾಯ ಅದರಿಂದ ವಾಸಿಯಾಗಲಿಲ್ಲ, ಅದಕ್ಕೆ ಔಷಧಿಯೇ ಬೇಕಾಯಿತು. ಊಟ ಮಾತ್ರ ಶುರುವಾಯಿತು.

ಇನ್ನೊಂದು ಮಾತು. ರೋಗಿಗೆ ಏನೂ ಬೇಡ ಅಂದರೆ ಅದೂ ಉತ್ತರವೇ. ಮನೆಯವರ ಸಮಾಧಾನಕ್ಕೆ ಅವರ ಹಣೆಗೆ ಭಸ್ಮ ಹಚ್ಚಬೇಡಿ. ಹೋಮ ಬೇಕಿದ್ದರೆ ಮನೆಯಲ್ಲಿ ಮಾಡಿಸಿಕೊಳ್ಳಿ.

ಯಾರನ್ನು, ಯಾವಾಗ, ಹೇಗೆ ಕೇಳಬೇಕು

ಡಾಕ್ಟರನ್ನಲ್ಲ, ಮೊದಲು ವಾರ್ಡಿನ ಇನ್‌ಚಾರ್ಜ್ ಸಿಸ್ಟರನ್ನು ಕೇಳಿ. ಕಾರವಾರದ ಕ್ರಿಮ್ಸ್ ಇರಲಿ, ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ ಇರಲಿ, ಸಣ್ಣ ಖಾಸಗಿ ನರ್ಸಿಂಗ್ ಹೋಮ್ ಇರಲಿ, ವಾರ್ಡಿನ ದಿನಚರಿ ಅವರ ಕೈಯಲ್ಲಿರುತ್ತದೆ. ಡ್ಯೂಟಿ ಬದಲಾಗುವ ಹೊತ್ತು ಬಿಟ್ಟುಬಿಡಿ. ಹೆಚ್ಚಿನ ಕಡೆ ಅದು ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟರ ಆಸುಪಾಸು. ರೌಂಡ್ಸ್ ಮುಗಿದು, ಬರೆದ ಇಂಜೆಕ್ಷನ್‌ಗಳು ಆದ ಮೇಲೆ ಕೇಳಿದರೆ ಕಿವಿಗೊಡಲು ಪುರುಸೊತ್ತು ಇರುತ್ತದೆ.

ಕೇಳುವುದು ಚಿಕ್ಕದಾಗಿರಲಿ. “ಇಲ್ಲಿ ಪೂಜೆ ಮಾಡಬಹುದಾ?” ಅಂದರೆ ಗಂಟೆ, ಹೊಗೆ, ಹತ್ತು ಜನ ಎಲ್ಲ ಕಣ್ಣಮುಂದೆ ಬಂದು ಸಿಸ್ಟರ್ ‘ಆಗೋದಿಲ್ಲ’ ಅಂದುಬಿಡುತ್ತಾರೆ. ಅದರ ಬದಲು ಹೀಗೆ ಕೇಳಿ: “ಸಿಸ್ಟರ್, ಅಮ್ಮ ದಿನಾ ಬೆಳಿಗ್ಗೆ ಹತ್ತು ನಿಮಿಷ ಜಪ ಮಾಡ್ತಾರೆ. ಆ ಹೊತ್ತಿನಲ್ಲಿ ಪರದೆ ಎಳೆದುಕೊಳ್ಳಬಹುದಾ? ನಿಮಗೆ ಯಾವ ಹೊತ್ತು ಅನುಕೂಲ?” ಎಷ್ಟು ಹೊತ್ತು, ಎಷ್ಟು ಜನ, ಏನೇನು ಸಾಮಾನು, ಇಷ್ಟು ಹೇಳಿದರೆ ಸಾಕು.

ಸಿಗುವ ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆಯಿರಿ ಅಂತ ಕೇಳಿಕೊಳ್ಳಿ. ಬೆಳಗಿನ ಸಿಸ್ಟರ್ ಒಪ್ಪಿದ್ದು ರಾತ್ರಿಯವರಿಗೆ ಗೊತ್ತಿರುವುದಿಲ್ಲ, ಅಲ್ಲೇ ಜಗಳ ಶುರು. ಮಣಿಪಾಲಕ್ಕೋ, ಹುಬ್ಬಳ್ಳಿಗೋ, ಗೋವಾದ ಬಾಂಬೋಳಿಗೋ ರೆಫರ್ ಆದರೆ ನೀವೇ ಒಂದು ಚೀಟಿ ಬರೆದು ಫೈಲಿನ ಮೇಲೆ ಪಿನ್ ಮಾಡಿ. ‘ಕೊಂಕಣಿ ಚೆನ್ನಾಗಿ ಅರ್ಥವಾಗುತ್ತದೆ. ಮಾಂಸ, ಮೊಟ್ಟೆ ಇಲ್ಲ. ಇಷ್ಟಲಿಂಗ ಮೈಮೇಲಿದೆ, ತೆಗೆಯುವ ಮುಂಚೆ ಹೇಳಿ.’ ಇಷ್ಟೇ ಮೂರು ಸಾಲು. ಭಟ್ಕಳದ ಕಡೆಯ ನವಾಯತಿ ಭಾಷೆ ಮಾತ್ರ ಮಾತಾಡುವ ಅಜ್ಜಿಯನ್ನು ಹೊಸ ಊರಿನ ಐಸಿಯುನಲ್ಲಿ ಒಂಟಿಯಾಗಿ ಬಿಟ್ಟಾಗ ಈ ಚೀಟಿಯ ಬೆಲೆ ಗೊತ್ತಾಗುತ್ತದೆ.

ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಯಾದರೆ ಅಂಜಬೇಕಾಗಿಯೇ ಇಲ್ಲ. ರೋಗಿಯ ನಂಬಿಕೆ, ಆಚಾರಗಳನ್ನು ಗೌರವಿಸಬೇಕು, ಆಧ್ಯಾತ್ಮಿಕ ಬೇಕುಗಳ ಬಗ್ಗೆ ಕೇಳಿದರೆ ಸ್ಪಂದಿಸಬೇಕು ಅಂತ ಆ ಮಾನದಂಡದಲ್ಲೇ ಇದೆ. ದಾಖಲಾಗುವಾಗಲೇ ಅದನ್ನು ನೆನಪಿಸಿದರೆ ತಪ್ಪೇನಿಲ್ಲ.

ಯಾವುದಕ್ಕೆ ಹೂಂ, ಯಾವುದಕ್ಕೆ ಊಹೂಂ

*ಪ್ರಸಾದ ಮತ್ತು ತೀರ್ಥ.* ಅರಿವಳಿಕೆ ಕೊಡುವ ಮುಂಚೆ ಸಾಮಾನ್ಯವಾಗಿ ಗಟ್ಟಿ ಆಹಾರ ಆರು ಗಂಟೆ, ತಿಳಿ ನೀರು ಎರಡು ಗಂಟೆ ನಿಲ್ಲಿಸುತ್ತಾರೆ. ಹೊಟ್ಟೆಯಲ್ಲಿದ್ದದ್ದು ಪ್ರಜ್ಞೆ ಇಲ್ಲದಾಗ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದೇ ಭಯ. ಪಂಚಾಮೃತದಲ್ಲಿ ಹಾಲು, ಮೊಸರು ಇರುವುದರಿಂದ ಅದು ನೀರಿನ ಲೆಕ್ಕಕ್ಕೆ ಬರುವುದಿಲ್ಲ. ತೀರ್ಥವನ್ನು ತಲೆಗೆ ಪ್ರೋಕ್ಷಣೆ ಮಾಡಿ, ಪ್ರಸಾದವನ್ನು ಕಣ್ಣಿಗೊತ್ತಿ ಇಟ್ಟುಕೊಳ್ಳಿ. ಎಚ್ಚರವಾಗಿ ಡಾಕ್ಟರು ಒಪ್ಪಿದ ಮೇಲೆ ಕೊಡಬಹುದು. ಸತ್ಯನಾರಾಯಣ ಪ್ರಸಾದ ಸಕ್ಕರೆ ಕಾಯಿಲೆಯವರಿಗೆ ಕಾಳಿನಷ್ಟು ಸಾಕು. ಕಿಡ್ನಿ ತೊಂದರೆ ಇರುವವರಿಗೆ ದೇವಸ್ಥಾನದ್ದೇ ಆಗಲಿ, ಹಿತ್ತಲಿನದ್ದೇ ಆಗಲಿ, ಎಳನೀರು, ಬಾಳೆಹಣ್ಣು ಕೇಳದೆ ಕೊಡಬೇಡಿ. ಅವುಗಳಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಕರಾವಳಿಯಲ್ಲಿ ನೋಡಲು ಬರುವವರೆಲ್ಲ ಎಳನೀರೇ ಹಿಡಿದು ಬರುವುದರಿಂದ ಇದನ್ನು ಒತ್ತಿ ಹೇಳಬೇಕು.

*ದೀಪ, ಊದುಬತ್ತಿ, ಲೋಬಾನ.* ವಾರ್ಡಿನೊಳಗೆ ಬೇಡವೇ ಬೇಡ. ಆಕ್ಸಿಜನ್ ಇರುವಲ್ಲಿ ಕಿಡಿ ಬೆಂಕಿಯಾಗಲು ಹೊತ್ತು ಹಿಡಿಯುವುದಿಲ್ಲ. ಪಕ್ಕದ ಬೆಡ್ಡಿನ ದಮ್ಮಿನ ರೋಗಿಗೆ ಹೊಗೆ ವಿಷ. ಬ್ಯಾಟರಿ ದೀಪ ಮೂವತ್ತು ನಲವತ್ತು ರೂಪಾಯಿಗೆ ಸಿಗುತ್ತದೆ, ಅದನ್ನಿಡಿ.

*ತಾಳಿ, ಜನಿವಾರ, ತಾಯತ, ಕಾಲುಂಗುರ.* ಎಂಆರ್‌ಐ ಕೋಣೆಗೆ ಲೋಹ ಹೋಗುವಂತಿಲ್ಲ. ಆಪರೇಷನ್‌ನಲ್ಲಿ ಕರೆಂಟಿನಿಂದ ರಕ್ತ ನಿಲ್ಲಿಸುವ ಯಂತ್ರ ಬಳಸಿದಾಗ ಮೈಮೇಲಿನ ಲೋಹದಿಂದ ಚರ್ಮ ಸುಡುವ ಸಂಭವ ಇದೆ. ತಾಳಿ ತೆಗೆಯುವ ಬದಲು ಅರಿಶಿನ ದಾರ ಕಟ್ಟಿಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು, ಹಿಂದಿನ ರಾತ್ರಿಯೇ ಮನೆಯಲ್ಲೋ ವಾರ್ಡಿನಲ್ಲೋ ಕಟ್ಟಿ. ಥಿಯೇಟರಿನ ಬಾಗಿಲಲ್ಲಿ, ಟ್ರಾಲಿ ಮೇಲೆ ಮಲಗಿಸಿ ತಾಳಿ ಬಿಚ್ಚಿಸುವುದು ಇದೆಯಲ್ಲ, ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಆಗ ಅಳದ ಹೆಂಗಸನ್ನು ನಾನು ಕಂಡದ್ದು ಕಡಿಮೆ. ಜನಿವಾರ, ಬಟ್ಟೆಯ ದಾರ ಆಪರೇಷನ್ ಜಾಗದಿಂದ ದೂರ ಇದ್ದರೆ ಪ್ಲಾಸ್ಟರ್ ಹಾಕಿ ಬಿಡಬಹುದಾ ಅಂತ ಕೇಳಿ, ಎಷ್ಟೋ ಸರ್ಜನ್‌ಗಳು ಒಪ್ಪುತ್ತಾರೆ.

*ಭಸ್ಮ, ಕುಂಕುಮ, ಹೂವು.* ಹಣೆಗೆ ಸರಿ. ಹೊಲಿಗೆ ಹಾಕಿದ ಜಾಗ, ಪೊರೆ ಆಪರೇಷನ್ ಆದ ಕಣ್ಣಿನ ಹತ್ತಿರ, ಎಳೆ ಮಗುವಿನ ಹೊಕ್ಕುಳು, ಈ ಮೂರಕ್ಕೆ ಖಂಡಿತ ಬೇಡ. ಐಸಿಯುಗೆ ಹೂವು ಬಿಡುವುದಿಲ್ಲ, ಒತ್ತಾಯ ಬೇಡ.

*ನಮಾಜ್ ಮತ್ತು ರೋಜಾ.* ಏಳಲಾಗದವರು ಕೂತು, ಮಲಗಿ, ಕೊನೆಗೆ ಸನ್ನೆಯಿಂದಲೂ ನಮಾಜ್ ಮಾಡಲು ಅವಕಾಶ ಇದೆ. ನೀರು ಮುಟ್ಟಬಾರದವರಿಗೆ ವುಜೂ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವುದು) ಬದಲು ತಯಮ್ಮುಮ್ (ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರಿಕೊಳ್ಳುವುದು) ಇದೆ. ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ನಮ್ಮ ಕರಾವಳಿಯಿಂದ ಪಶ್ಚಿಮ, ಸ್ವಲ್ಪ ಉತ್ತರಕ್ಕೆ ವಾಲಿ. ಮಂಚ ತಿರುಗಿಸಲು ಜಾಗ ಇದ್ದರೆ ಸಿಸ್ಟರಿಗೆ ಹೇಳಿ. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಕುರಾನಿನಲ್ಲೇ ಇದೆ. ಆದರೂ ಹಿರಿಯರು ಹಟ ಹಿಡಿಯುತ್ತಾರೆ, ಇನ್ಸುಲಿನ್ ತೆಗೆದುಕೊಳ್ಳುವವರೂ ಹಿಡಿಯುತ್ತಾರೆ. ಮಗ ಹೇಳಿದರೆ ಕೇಳದವರು ಜಮಾತಿನ ಮೌಲಾನಾ ಹೇಳಿದರೆ ಕೇಳುತ್ತಾರೆ. ಅವರಿಗೇ ಒಂದು ಫೋನ್ ಮಾಡಿಸಿ. ಏಕಾದಶಿ ಬಿಡದ ಅಜ್ಜಿಯರಿಗೂ ಇದೇ ಉಪಾಯ, ಮನೆಯ ಪುರೋಹಿತರಿಂದ ಹೇಳಿಸಿ.

*ಫಾದರ್ ಬರುವುದು.* ರೋಗಿಗಳಿಗೆ ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರ ಅಂದರೆ ಸಾಯುವ ಗಳಿಗೆಯದ್ದು ಅಂತ ಹಳಬರು ಹೆದರುತ್ತಾರೆ. ಹಾಗೇನಿಲ್ಲ. ತೀವ್ರ ಕಾಯಿಲೆ ಇರುವ ಯಾರಿಗಾದರೂ ಕೊಡಬಹುದು, ಮತ್ತೆ ಕಾಯಿಲೆ ಬಿದ್ದರೆ ಮತ್ತೊಮ್ಮೆಯೂ ಕೊಡಬಹುದು. ಇದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳದೆ ಫಾದರನ್ನು ಕರೆತಂದರೆ, ನನ್ನ ಕಥೆ ಮುಗಿಯಿತು ಅಂತ ಅವರು ಕುಸಿದುಬಿಡುತ್ತಾರೆ.

*ಕ್ಯಾಪ್ಸೂಲ್.* ಹೆಚ್ಚಿನ ಕ್ಯಾಪ್ಸೂಲ್‌ಗಳ ಹೊದಿಕೆ ಜೆಲಟಿನ್‌ನದು, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುತ್ತದೆ. ಜೈನರು, ಹವ್ಯಕರು, ಮುಸ್ಲಿಮರು ಹೀಗೆ ಹಲವರಿಗೆ ಇದು ತೊಂದರೆ. ಸುಮ್ನೆ ಉಗಿದು ಕಿಟಕಿಯಾಚೆ ಎಸೆಯುವ ಬದಲು ಮಾತ್ರೆ ಇಲ್ಲವೇ ಸಿರಪ್ ಸಿಗುತ್ತದಾ ಅಂತ ಕೇಳಿ. ಎಷ್ಟೋ ಔಷಧಿಗೆ ಸಿಗುತ್ತದೆ.

ಮುಹೂರ್ತದ ವಿಷಯ

ಅಮಾವಾಸ್ಯೆ ದಿನ ಆಪರೇಷನ್ ಬೇಡ, ಮಂಗಳವಾರ ಡಿಸ್‌ಚಾರ್ಜ್ ಬೇಡ. ಕೇಳಿ ಕೇಳಿ ನಮಗೆ ಕ್ಯಾಲೆಂಡರ್ ಬಾಯಿಪಾಠ ಆಗಿರುತ್ತದೆ. ಕಣ್ಣಿನ ಪೊರೆ, ಮಂಡಿ ಚಿಪ್ಪು, ತೊಂದರೆ ಕೊಡದ ಹರ್ನಿಯಾ, ಇವನ್ನೆಲ್ಲ ಎರಡು ದಿನ ಹಿಂದೆ ಮುಂದೆ ಮಾಡಬಹುದು. ದಿನ ಗೊತ್ತುಮಾಡುವಾಗಲೇ ಹೇಳಿ, ಥಿಯೇಟರ್ ಪಟ್ಟಿ ಸಿದ್ಧವಾದ ಮೇಲಲ್ಲ. ಡಿಸ್‌ಚಾರ್ಜ್ ಮುಂದೂಡಿದರೆ ಒಂದು ದಿನದ ಬೆಡ್ ಚಾರ್ಜ್ ಬೀಳುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಕೆಲವಕ್ಕೆ ಪಂಚಾಂಗ ಇಲ್ಲ. ಪಾರ್ಶ್ವವಾಯು ಹೊಡೆದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ. ಅದರೊಳಗೆ ಘಟ್ಟ ಇಳಿಯಬೇಕು, ಸ್ಕ್ಯಾನ್ ಆಗಬೇಕು. ಹಾವು ಕಡಿತ, ಎದೆನೋವು, ಹೆರಿಗೆಯಲ್ಲಿ ಮಗುವಿನ ಬಡಿತ ಇಳಿಯುವುದು, ಇವಕ್ಕೂ ಅಷ್ಟೆ. ಮೊದಲು 108. ದೇವರ ಮುಂದೆ ಕಾಯಿ ಇಡುವವರು ಮನೆಯಲ್ಲಿ ಉಳಿದವರು ಇಡಲಿ. ಮಂತ್ರಿಸಿದ ದಾರ ಕಟ್ಟಿಸಲು ಆಂಬುಲೆನ್ಸ್ ತಿರುಗಿಸಬೇಡಿ, ದಾರ ಆಮೇಲೂ ಕಟ್ಟಬಹುದು.

ಕರೆಯದೆ ಬರುವವರು

ಪ್ರಾರ್ಥನೆ ಮಾಡುತ್ತೇವೆ ಅಂತ ಬೆಡ್ಡಿಂದ ಬೆಡ್ಡಿಗೆ ಹೋಗುವವರು, ತಾಯತ ಮಾರುವವರು, ‘ನಮ್ಮ ಗುರುಗಳ ನೀರು ಕುಡಿಸಿ, ಮಾತ್ರೆ ಬಿಡಿ’ ಅನ್ನುವ ದೂರದ ನೆಂಟರು. ಎಲ್ಲ ಧರ್ಮದಲ್ಲೂ ಇದ್ದಾರೆ. ಮಲಗಿರುವ ಮನುಷ್ಯನಿಗೆ ಎದ್ದು ಹೋಗಲು ಆಗುವುದಿಲ್ಲ, ಬೇಡ ಅನ್ನಲು ಸಂಕೋಚ. ಆ ‘ಬೇಡ’ವನ್ನು ನೀವು ಹೇಳಬೇಕು. ಕೇಳದಿದ್ದರೆ ಸಿಸ್ಟರಿಗೆ ತಿಳಿಸಿ. ಸಿಬ್ಬಂದಿಯೇ ತಮ್ಮ ನಂಬಿಕೆ ಹೇರಿದರೆ ಅದು ಇನ್ನೂ ದೊಡ್ಡ ತಪ್ಪು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ಘನತೆ, ಖಾಸಗಿತನ, ಧರ್ಮ-ಜಾತಿ ನೋಡದೆ ಚಿಕಿತ್ಸೆ ಪಡೆಯುವುದು, ದೂರು ಕೊಡುವುದು ಎಲ್ಲ ಅದರಲ್ಲಿವೆ.

ಕೊನೆಯ ದಿನಗಳು ಅನ್ನಿಸಿದಾಗ

‘ಮನೆಗೆ ಕರಕೊಂಡು ಹೋಗಿ’ ಅಂತ ರೋಗಿ ಕೇಳಿದರೆ ಮಾತು ಮರೆಸಬೇಡಿ. ಡಾಕ್ಟರ ಹತ್ತಿರ ಕೂತು ಮೂರು ವಿಷಯ ಕೇಳಿಕೊಳ್ಳಿ. ಇಲ್ಲಿ ಇನ್ನೂ ಮಾಡಬಹುದಾದದ್ದು ಏನಿದೆ? ಮನೆಯಲ್ಲಿ ನೋವು, ಉಬ್ಬಸಕ್ಕೆ ಏನು ಕೊಡಬೇಕು? ದಾರಿಯಲ್ಲಿ ಏನಾಗಬಹುದು? ಮಣಿಪಾಲದಿಂದ ಶಿರಸಿಯ ಹಳ್ಳಿಗೆ ಬರುವುದು ಅಂದರೆ ಘಟ್ಟದ ತಿರುವುಗಳ ದಾರಿ, ಅದನ್ನು ತಡೆಯುವ ಸ್ಥಿತಿ ಇರಬೇಕು.

ಮಾತಾಡುವ ಶಕ್ತಿ ಇದ್ದಾಗಲೇ ಬರೆದಿಡಲು ಕಾನೂನಿನ ದಾರಿಯೂ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ, 2023ರಲ್ಲಿ ಸರಳ ಮಾಡಿದ ಮುಂಗಡ ವೈದ್ಯಕೀಯ ನಿರ್ದೇಶನ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಆಯಿತು. ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್‌ನಂಥದ್ದು ಬೇಕೋ ಬೇಡವೋ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಬರೆಯಬಹುದು. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಆದೇಶ ಮಾಡಿದೆ.

ಐಸಿಯುನಲ್ಲಿ ಗಂಗಾಜಲ, ತುಳಸಿ ಕೊಡಬೇಕು ಅನ್ನುವವರು ಚಮಚದಲ್ಲಿ ಹುಯ್ಯಬೇಡಿ. ನುಂಗಲಾಗದವರಿಗೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಶುದ್ಧವಾದ ಹತ್ತಿ ಅಥವಾ ಗಾಜ್ ಬಟ್ಟೆ ಅದ್ದಿ ತುಟಿಗೆ ಒತ್ತಿದರೆ ಸಾಕು, ಸಿಸ್ಟರೇ ಮಾಡಿಕೊಡುತ್ತಾರೆ. ಸಹಸ್ರನಾಮ, ಕುರಾನಿನ ಯಾಸೀನ್ ಅಧ್ಯಾಯ, ಕ್ರೈಸ್ತರ ಜಪಸರದ ಪ್ರಾರ್ಥನೆ ತೇರ್ಸ್ ಯಾವುದೇ ಇರಲಿ, ಮೊಬೈಲಿನಲ್ಲಿ ಸಣ್ಣ ದನಿಯಲ್ಲಿ ಕಿವಿಯ ಹತ್ತಿರ ಇಡಬಹುದಾ ಅಂತ ಕೇಳಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಯ ಗಂಟೆಗಳಲ್ಲಿ ಪ್ರತಿಕ್ರಿಯೆ ಇಲ್ಲದ ಕೆಲವು ರೋಗಿಗಳ ಮಿದುಳು ಶಬ್ದಕ್ಕೆ ಸ್ಪಂದಿಸುತ್ತಿದ್ದದ್ದು ಕಂಡಿತ್ತು. ಹಾಗಾಗಿ ಮಂಚದ ಪಕ್ಕ ನಿಂತು ಬಿಲ್ಲು, ಆಸ್ತಿ ಮಾತಾಡಬೇಡಿ.

ಜೀವ ಹೋದ ಮೇಲೆ ಮೈ ಯಾರು ಮುಟ್ಟಬೇಕು, ಯಾವ ದಿಕ್ಕಿಗೆ ಮಲಗಿಸಬೇಕು ಅನ್ನುವುದನ್ನು ಮೊದಲೇ ಹೇಳಿಡಿ. ಮುಂಡಗೋಡದ ಟಿಬೆಟನ್ನರಲ್ಲಿ ಕೆಲ ಹೊತ್ತು ಮೈಯನ್ನು ಅಲುಗಿಸದೆ ಬಿಡುವ ಪದ್ಧತಿ ಇದೆ. ಹೇಳದಿದ್ದರೆ ವಾರ್ಡಿನವರಿಗೆ ಗೊತ್ತಾಗುವುದಿಲ್ಲ. ಬಾಕಿ ಬಿಲ್ಲಿಗಾಗಿ ದೇಹ ತಡೆಹಿಡಿಯುವಂತಿಲ್ಲ, ಅದೂ ಮೇಲೆ ಹೇಳಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿದೆ. ಅಪಘಾತ, ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು ಆದರೆ ಪೊಲೀಸ್ ಕೇಸು, ಮರಣೋತ್ತರ ಪರೀಕ್ಷೆ ತಪ್ಪುವುದಿಲ್ಲ. ಆದರೆ ಸೂರ್ಯ ಮುಳುಗಿದ ಮೇಲೆ ಮಾಡಬಾರದು ಅನ್ನುವ ಹಳೆಯ ನಿಯಮವನ್ನು ಕೇಂದ್ರ ಸರ್ಕಾರ 2021ರ ನವೆಂಬರಿನಲ್ಲಿ ಸಡಿಲ ಮಾಡಿದೆ. ಸೌಲಭ್ಯ ಇರುವ ಆಸ್ಪತ್ರೆಯಲ್ಲಿ ರಾತ್ರಿಯೂ ಮಾಡಬಹುದು. ಕೊಲೆ, ಆತ್ಮಹತ್ಯೆ, ಅನುಮಾನದ ಸಾವಿನಂಥವು ಮಾತ್ರ ಹೊರತು. ಬೇಗ ದಫನ್ ಮಾಡಬೇಕಾದವರು ಕೇಳಿ ನೋಡಿ.

ಹೇಳುವುದಿದ್ದರೆ ಬರೆದು ಹೇಳಿ

ಸರ್ಕಾರಿ ಆಸ್ಪತ್ರೆಯಾದರೆ ಕೇಂದ್ರದ ‘ಮೇರಾ ಅಸ್ಪತಾಲ್’ ವ್ಯವಸ್ಥೆ 2016ರಿಂದ ಇದೆ, ಮೊಬೈಲಿಗೆ ಬರುವ ಮೆಸೇಜಿಗೆ ಉತ್ತರ ಕೊಡಬಹುದು. 104 ಆರೋಗ್ಯ ಸಹಾಯವಾಣಿಗೆ ದೂರು ಹೇಳಬಹುದು. ಖಾಸಗಿ ಆಸ್ಪತ್ರೆಯ ಮೇಲಿನ ದೂರಿಗೆ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರ ಇದೆ. ‘ಸೇವೆ ಸರಿ ಇಲ್ಲ’ ಅಂತ ಬರೆದರೆ ಕಸದ ಬುಟ್ಟಿಗೆ. ‘ಹೆಣ್ಣುಮಕ್ಕಳ ವಾರ್ಡಿನಲ್ಲಿ ಪರದೆ ಇಲ್ಲ, ಅಮ್ಮನಿಗೆ ಐದು ದಿನ ಪ್ರಾರ್ಥನೆ ಮಾಡಲು ಆಗಲಿಲ್ಲ, ಎರಡು ಪರದೆ ಹಾಕಿಸಿ’ ಅಂತ ಬರೆದರೆ ಯಾರೋ ಒಬ್ಬರು ಪರದೆ ತರಿಸುತ್ತಾರೆ. ಒಳ್ಳೆಯದಾಗಿದ್ದರೆ ಅದನ್ನೂ ಸಿಸ್ಟರ ಹೆಸರು ಹಾಕಿ ಬರೆಯಿರಿ. ನಮಗೆ ಅದು ಸಿಗುವುದು ಅಪರೂಪ.

ಹರಕೆ ತೀರಿಸುವ ಮುಂಚೆ

ಮನೆಗೆ ಬಂದ ಮೇಲೆ ಎಲ್ಲರಿಗೂ ಇದೇ ಅವಸರ. ಹೊಟ್ಟೆಯ ಆಪರೇಷನ್ ಆದವರು, ಸಿಸೇರಿಯನ್ ಆದವರು ಸಾಮಾನ್ಯವಾಗಿ ಆರು ವಾರ ಭಾರ ಎತ್ತಬಾರದು. ಉರುಳು ಸೇವೆಯಂತೂ ಸರ್ಜನ್ ಹೂಂ ಅನ್ನುವವರೆಗೆ ಬೇಡ. ಹೊಲಿಗೆ ಹಸಿ ಇರುವಾಗ ಗೋಕರ್ಣದಲ್ಲಿ ಸಮುದ್ರಸ್ನಾನ ಮಾಡಬಾರದು. ತಲೆಗೆ ಗಾಯವಾದವರು ಮುಡಿ ಕೊಡುವ ಮುಂಚೆ ಗಾಯ ಪೂರ್ತಿ ಮಾಗಿರಬೇಕು. ಶಿರಸಿ ಜಾತ್ರೆಯ ನೂಕುನುಗ್ಗಲಿಗೆ ಹೃದಯದ ಕಾಯಿಲೆಯವರನ್ನು ಕರೆದೊಯ್ಯುವ ಬದಲು, ಜಾತ್ರೆ ಕಳೆದ ಮೇಲೆ ಮಾರಿಕಾಂಬೆಗೆ ಉಡಿ ತುಂಬಿದರೂ ಹರಕೆ ಸಲ್ಲುತ್ತದೆ. ಏನೇನು ಹರಕೆ ಹೊತ್ತಿದ್ದೀರಿ ಅಂತ ಫಾಲೋ-ಅಪ್ ಚೀಟಿಯ ಹಿಂದೆ ಬರೆದುಕೊಂಡು ಹೋಗಿ. ಯಾವುದು ಯಾವಾಗ ಮಾಡಬಹುದು ಅಂತ ಡಾಕ್ಟರನ್ನು ಒಂದೊಂದಾಗಿ ಕೇಳಿ. ಮೊದಲು ನಕ್ಕಾರು, ಆಮೇಲೆ ಹೇಳುತ್ತಾರೆ.